ಬಿಟ್ಟುಹೋದ ಕಾಲಮ್

ಅವನಿಗಿಂತ ಮೊದಲು ನನಗೆ ಸಿಕ್ಕಿದ್ದು ಅವನ ಪೇಪರ್. ನಮ್ಮ ಮೊದಲ ಭೇಟಿಯನ್ನು ಭೇಟಿ ಅನ್ನುವುದಕ್ಕಿಂತ ದಾಳಿ ಅನ್ನುವುದೇ ಸರಿ.

ಅರ್ಥಶಾಸ್ತ್ರ ಓದಲು ಯುರೋಪಿಗೆ ಬಂದ ಮೇಲೆ ನಾನು ಕಲಿತ ಮೊದಲ ಪದ್ಧತಿ ಇದು. ಸೆಮಿನಾರಿನಲ್ಲಿ ಒಬ್ಬರು ತಮ್ಮ ಪೇಪರ್ ಮಂಡಿಸುತ್ತಾರೆ. ಅದು ಮುಗಿದ ಮೇಲೆ, ಮೊದಲೇ ಗೊತ್ತುಮಾಡಿದ ಇನ್ನೊಬ್ಬ ವಿದ್ಯಾರ್ಥಿ ಎದ್ದು ಬಂದು ಅದರ ತಪ್ಪುಗಳನ್ನು ಎಲ್ಲರೆದುರು ಬಿಡಿಸಿ ಹೇಳಬೇಕು. ಅವರಿಗೆ ಡಿಸ್ಕಸೆಂಟ್ ಅಂತ ಹೆಸರು. ಯಾರೇ ಡಿಸ್ಕಸೆಂಟ್ ಆಗಲಿ, ಶುರುಮಾಡುವುದು ಒಂದೇ ಮಾತಿನಿಂದ: "ಈ ಪೇಪರ್ ಓದಿ ನನಗೆ ತುಂಬಾ ಸಂತೋಷವಾಯಿತು." ಆಮೇಲೆ ಒಂದು ಉಸಿರು. ಆಮೇಲೆ "ಆದರೆ". ಸಂತೋಷದ ಮಾತು ಬರೀ ಮರ್ಯಾದೆಗೆ. ಪೇಪರ್ ಬರೆದವರು ಪೆನ್ನು ಕೈಗೆತ್ತಿಕೊಳ್ಳುವುದು "ಆದರೆ" ಬಂದಾಗಲೇ.

ಅವನ ಪೇಪರಿಗೆ ನಾನು ಡಿಸ್ಕಸೆಂಟ್. ದೂರದ ಊರಿಗೆ ದುಡಿಯಲು ಹೋದವರಲ್ಲಿ ಯಾರು ವಾಪಸ್ ಬರುತ್ತಾರೆ, ಯಾರು ಅಲ್ಲೇ ಉಳಿಯುತ್ತಾರೆ ಅನ್ನುವುದು ವಿಷಯ. ಬರೆದವನು ಬೇರೆ ಸೆಕ್ಷನ್ನಿನವನು, ಮುಖ ನೋಡಿರಲಿಲ್ಲ. ಲೆಕ್ಕ ಅಚ್ಚುಕಟ್ಟು. ಟೇಬಲ್‌ಗಳಂತೂ ಇಸ್ತ್ರಿ ಮಾಡಿಟ್ಟ ಹಾಗೆ. ಸಂಬಳಕ್ಕೆ ಒಂದು ಕಾಲಮ್, ಬಾಡಿಗೆಗೆ ಒಂದು, ದೂರಕ್ಕೆ ಒಂದು, ವಯಸ್ಸಿಗೆ ಒಂದು. ಓದುತ್ತಾ ಓದುತ್ತಾ ನನಗೆ ಯಾಕೋ ಸಿಟ್ಟು ಬಂತು. ಮನೆ ಬಿಟ್ಟು ಬಂದು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ, ಅದೂ ಕಾರಣವಿರಬಹುದು.

"ಈ ಪೇಪರ್ ಓದಿ ನನಗೆ ತುಂಬಾ ಸಂತೋಷವಾಯಿತು," ಅಂತ ಎದ್ದು ನಿಂತು ಹೇಳಿದೆ. "ಆದರೆ, ಇದರಲ್ಲಿ ಮನುಷ್ಯರೇ ಇಲ್ಲ. ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಅನ್ನುವ ಕಾಲಮ್ ಎಲ್ಲಿ? ಸಂಬಳ ನೋಡಿ ಹೋದವರು ಸಂಬಳ ನೋಡಿಯೇ ವಾಪಸ್ ಬರುತ್ತಾರೆ ಅಂತ ಯಾರು ಹೇಳಿದ್ದು?"

ಅವನು ಕನ್ನಡಕ ತೆಗೆದ. ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿ ಮತ್ತೆ ಹಾಕಿಕೊಂಡ. "ಅದನ್ನು ಅಳೆಯುವುದಕ್ಕೆ ನನ್ನಿಂದ ಆಗಲಿಲ್ಲ," ಅಂದ.

"ಅಳೆಯಲು ಆಗಲಿಲ್ಲ ಅಂದಮಾತ್ರಕ್ಕೆ ಅದು ಇಲ್ಲ ಅಂತ ಆಗುವುದಿಲ್ಲವಲ್ಲ."

ಪ್ರೊಫೆಸರ್ ಗಡ್ಡದೊಳಗೇ ನಕ್ಕರು. ಅವನು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡ. ಇದೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ.

ಕನ್ನಡ ಕೇಳಿಸಿದ್ದು ಹೊರಗೆ ಕಾರಿಡಾರಿನಲ್ಲಿ, ಕಾಫಿ ಮೆಷಿನ್ ಹತ್ತಿರ. ನನಗೆ ಬೆನ್ನು ಹಾಕಿ ನಿಂತು ಅವನು ಫೋನಿನಲ್ಲಿ ಮಾತಾಡುತ್ತಿದ್ದ.

"ಏನ್ ಹೇಳ್ಲಿ ಅಕ್ಕಾ, ಒಬ್ಬಳು ಎದ್ದು ನಿಂತ್ಕೊಂಡು ನನ್ನ ಪೇಪರ್‌ನ ಉಪ್ಪು ಖಾರ ಹಚ್ಚಿ ತಿಂದುಬಿಟ್ಟಳು. ಎಲ್ಲರ ಮುಂದೆ. ನೋಡೋಕೆ ಸಾಧು ಥರ ಇದ್ದಾಳೆ."

ನನ್ನ ಲೋಟ ತುಂಬುವವರೆಗೂ ಸುಮ್ಮನಿದ್ದೆ. ಆಮೇಲೆ ಅವನ ಪಕ್ಕದಲ್ಲೇ ಹಾದುಹೋಗುತ್ತಾ ಹೇಳಿದೆ. "ಉಪ್ಪು ಸ್ವಲ್ಪ ಕಮ್ಮಿ ಇತ್ತು."

ಒಬ್ಬನ ಕಿವಿ ತುದಿಯಿಂದ ಕೆಂಪಾಗುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಫೋನಿನೊಳಗೆ ಅಕ್ಕ "ಯಾರೋ ಅದು, ಯಾರೋ ಅದು" ಅಂತ ಕೇಳುತ್ತಲೇ ಇದ್ದಳು.

ಮರುದಿನ ಲೈಬ್ರರಿಯಲ್ಲಿ ನನ್ನ ಎದುರಿನ ಕುರ್ಚಿ ಎಳೆದು ಕೂತ. "ಇಲ್ಲಿ ಕೂರಬಹುದಾ?" ಅಂತ ಕೂತ ಮೇಲೆ ಕೇಳಿದ.

"ನೋಡೋಕೆ ಸಾಧು ಥರ ಇದ್ದೀನಲ್ಲ, ಕೂತ್ಕೊಳ್ಳಿ."

"ನೀವು ಹೇಳಿದ್ದು ಸರಿ ಇತ್ತು. ರಾತ್ರಿಯೆಲ್ಲ ಅದೇ ತಲೇಲಿತ್ತು." ಹೇಳುವ ಮುಂಚೆ ಮತ್ತೆ ಕನ್ನಡಕ ಒರೆಸಿದ್ದ. ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರುವ ಮುಂಚೆ ಅವನು ಕನ್ನಡಕ ಒರೆಸುತ್ತಾನೆ. ಬರೀ ಮಾತಿಗೆ ಮಾತಾಡುವಾಗ ಒರೆಸುವುದಿಲ್ಲ. ಇದನ್ನು ನಾನು ಬೇಗ ಕಂಡುಕೊಂಡೆ, ಅವನಿಗೆ ಮಾತ್ರ ಹೇಳಲಿಲ್ಲ.

ಅವನಿಗೆ ಎಲ್ಲದಕ್ಕೂ ಟೇಬಲ್ ಹಾಕುವ ಚಟ. ಹೊಸ ಬೂಟು ತಗೊಳ್ಳಬೇಕಾದರೂ ಬೆಲೆ, ಬಾಳಿಕೆ, ನೀರು ತಡೆಯುವುದು, ಎಲ್ಲಕ್ಕೂ ಕಾಲಮ್ ಎಳೆದು, ಕೊನೆಗೆ ಕಚ್ಚುವ ಬೂಟನ್ನೇ ತಂದ. "ಆದರೆ, ಕಾಲಿಗೆ ಹಿಡಿಸುತ್ತಾ ಅನ್ನೋ ಕಾಲಮ್ ಹಾಕಿದ್ರಾ?" ಅಂತ ಕೇಳಿದೆ. ಅವನು ಕುಂಟುತ್ತಾ ನಡೆಯುತ್ತಲೇ "ಆದರಮ್ಮಾ, ಸಾಕು ತಾಯಿ" ಅಂದ. ಅಂದಿನಿಂದ ನನಗೆ ಆದರಮ್ಮ ಅನ್ನುವ ಹೆಸರು ಖಾಯಂ ಆಯಿತು. ಅವನ ಅಕ್ಕನೂ ಫೋನಿನಲ್ಲಿ "ಆದರಮ್ಮ ಹೇಗಿದ್ದಾಳೆ?" ಅಂತಲೇ ಕೇಳುತ್ತಿದ್ದಳು.

ಹಾಸ್ಟೆಲಿನ ಅಡುಗೆಮನೆ ನಮ್ಮ ಮಹಡಿಯವರಿಗೆಲ್ಲ ಒಂದೇ. ಫ್ರಿಜ್ಜಿನಲ್ಲಿ ಪ್ರತಿ ಡಬ್ಬಿಯ ಮೇಲೂ ಅವರವರ ರೂಮ್ ನಂಬರ್. ಒಂದು ಸಂಜೆ ನಾನು ಒಲೆಯ ಮುಂದೆ ನಿಂತು, ಜೊತೆಗೆ ಓದಲು ಬಂದಿದ್ದ ಅವನಿಗೆ ಯಾವುದೋ ಸಮೀಕರಣ ವಿವರಿಸುತ್ತಿದ್ದೆ. ಅವನು ಸಮೀಕರಣ ಬಿಟ್ಟು ನನ್ನ ಕೈ ನೋಡುತ್ತಿದ್ದ. ಮಾತಾಡುವಾಗ ಸೌಟು ಆಡಿಸುವುದು ನನ್ನ ಅಭ್ಯಾಸ. ಅವನ ಕಣ್ಣು ಸೌಟಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮುಖಕ್ಕೆ ಬಂದು ಅಲ್ಲೇ ನಿಂತಿತು. ನಾನು ಹೇಳುತ್ತಿದ್ದ ಸಾಲು ಅರ್ಧಕ್ಕೇ ಮರೆತುಹೋಯಿತು.

"ಹಾಲು ಉಕ್ತಿದೆ, ಆರಿಸೇ," ಅಂದ.

ಆರಿಸಿದೆ. ಒಲೆಯೆಲ್ಲ ಹಾಲು. ಇಬ್ಬರೂ ಸೇರಿ ಒರೆಸಿದೆವು. "ಸಾರಿ, ಅವಸರದಲ್ಲಿ ಏಕವಚನ ಬಂದ್ಬಿಡ್ತು," ಅಂದ.

"ಬಂದಿದ್ದು ಬಂತು, ಇನ್ನು ವಾಪಸ್ ಕಳಿಸಬೇಡ," ಅಂದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವನು ನನಗೆ ಬೇಕು ಅನ್ನಿಸಿತು, ಅಷ್ಟೇ ನೇರವಾಗಿ. ಅವನೇ ಹೇಳಲಿ ಅಂತಲೂ ಅನ್ನಿಸಿತು. ಮೊದಲ ಸಲ ಎಲ್ಲರ ಮುಂದೆ ಬಾಯಿ ಬಿಟ್ಟವಳು ನಾನು, ಈ ಸಲ ಅವನ ಸರದಿ. ಹೀಗೆ ಕಾಯುತ್ತಾ ಕಾಯುತ್ತಾ ಮಾಸ್ಟರ್ಸ್ ಮುಗಿಯುತ್ತಾ ಬಂತು.

ಕೊನೆಯ ಟರ್ಮಿನಲ್ಲಿ ನನಗೆ ಪಿಎಚ್‌ಡಿಗೆ ಎರಡು ಕಡೆಯಿಂದ ಕರೆ ಬಂತು. ಒಂದು ಇಲ್ಲೇ, ನಮ್ಮ ಗಡ್ಡದ ಪ್ರೊಫೆಸರ್ ಹತ್ತಿರ. ಇನ್ನೊಂದು ಉತ್ತರದ ಕಡೆ, ಗಡಿ ದಾಟಿ ಒಂದು ದಿನದ ರೈಲು ಪ್ರಯಾಣ. ಅಲ್ಲಿದ್ದ ಪ್ರೊಫೆಸರ್ ಬರೆದದ್ದನ್ನು ಓದಿಯೇ ನಾನು ಈ ವಿಷಯಕ್ಕೆ ಬಿದ್ದದ್ದು. ಅವನಿಗೆ ಆಗಲೇ ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು, ಅವನು ಈ ಊರು ಬಿಡುವಂತಿರಲಿಲ್ಲ. ಒಪ್ಪಿಗೆ ತಿಳಿಸಲು ನನಗೆ ಶುಕ್ರವಾರ ಮಧ್ಯಾಹ್ನದವರೆಗೆ ಸಮಯ.

ಬುಧವಾರ ಅವನನ್ನು ಸೆಮಿನಾರ್ ರೂಮಿಗೆ ಕರೆದೆ. ಖಾಲಿ ಇತ್ತು. ಎಷ್ಟು ಒರೆಸಿದರೂ ಪೂರ್ತಿ ಹೋಗದ ಹಳೆಯ ಗೀಟುಗಳ ಬಿಳಿ ಬೋರ್ಡು, ಉದ್ದನೆಯ ಮೇಜು, ಯಾರೋ ಮರೆತುಹೋದ ಒಂದು ಸ್ಕಾರ್ಫ್. "ನೀನೇ ಹೇಳು, ಏನ್ ಮಾಡ್ಲಿ?" ಅಂದೆ. ನನಗೆ ಬೇಕಾಗಿದ್ದದ್ದು ಸಲಹೆ ಅಲ್ಲ. ಅದು ಅವನಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಅವನು ಮಾರ್ಕರ್ ತೆಗೆದುಕೊಂಡ. ಗೀಟು ಎಳೆದ. ಒಂದು ಕಡೆ ಇಲ್ಲಿ, ಒಂದು ಕಡೆ ಉತ್ತರ. ಕೆಳಗೆ ಗೈಡ್, ಸ್ಕಾಲರ್‌ಶಿಪ್, ಲೈಬ್ರರಿ, ಮುಂದಿನ ಕೆಲಸ. ಬಿಸಿಲಿಗೂ ಒಂದು ಸಾಲು ಹಾಕಿದ, ಉತ್ತರದಲ್ಲಿ ಚಳಿಗಾಲ ಉದ್ದ ಅಂತ. ಎಲ್ಲವನ್ನೂ ತೂಗಿದ. ಉತ್ತರದ ಕಡೆಗೆ ಟಿಕ್ ಜಾಸ್ತಿ ಬಿತ್ತು.

ನಾನು ಬೋರ್ಡಿನ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಇನ್ನೊಂದು ಸಾಲು ಬರೆಯುವಷ್ಟು ಜಾಗ ಇತ್ತು.

"ಇಷ್ಟೇನಾ?" ಅಂದೆ.

"ಇನ್ನೇನಿದೆ?" ಅಂದ. ಕನ್ನಡಕಕ್ಕೆ ಕೈ ಹೋಗಲಿಲ್ಲ. ಮಾರ್ಕರಿನ ಮುಚ್ಚಳ ಟಕ್ ಅಂತ ಹಾಕಿ ಜಾಗದಲ್ಲಿಟ್ಟ.

ನಾನು ಬ್ಯಾಗ್ ಎತ್ತಿಕೊಂಡು ಹೊರಟೆ. ಕಾರಿಡಾರಿನ ತುದಿವರೆಗೂ ಅವನು ಹಿಂದೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ಕನ್ನಡಕದ ಆ ಗುಟ್ಟು ಅಷ್ಟು ದಿನದಿಂದ ಗೊತ್ತಿದ್ದೂ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ಮನಸ್ಸು ನೊಂದಾಗ ಕಣ್ಣಿಗೆ ಕಂಡದ್ದೂ ಲೆಕ್ಕಕ್ಕೆ ಬರುವುದಿಲ್ಲ.

ಗುರುವಾರ ಅಮ್ಮ ಫೋನ್ ಮಾಡಿದಳು. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿದವಳು, ಧ್ವನಿ ಕೇಳಿದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ. "ಉತ್ತರಕ್ಕೆ ಹೋಗಬೇಕು ಅಂತ ಇದ್ದೀನಿ," ಅಂದೆ.

"ಹೋಗು. ಒಳ್ಳೇದೇ ಅಲ್ವಾ? ಮತ್ತೆ ಧ್ವನಿ ಯಾಕೆ ಹೀಗಿದೆ?"

"ಶೀತ."

"ಶೀತಕ್ಕೆ ಹೀಗಾಗಲ್ಲ. ಎಲ್ಲಿಗಾದ್ರೂ ಹೋಗೇ, ನಾನು ಬೇಡ ಅನ್ನಲ್ಲ. ಮನಸ್ಸನ್ನ ಒಂದು ಕಡೆ ಬಿಟ್ಟು ಮೈಯನ್ನ ಮಾತ್ರ ಹೊತ್ಕೊಂಡು ಹೋಗಬೇಡ. ಅದು ಬಹಳ ಭಾರ ಆಗುತ್ತೆ."

ಅಮ್ಮ ಬಿಡಿಸಿ ಕೇಳಲಿಲ್ಲ. ಶುಂಠಿ ಹಾಕಿ ಬಿಸಿನೀರು ಕುಡಿ ಅಂತ ಹೇಳಿ ಫೋನ್ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಅದೇ ಸೆಮಿನಾರ್ ರೂಮಿಗೆ ಹೋಗಿ ಕೂತೆ. ಬೋರ್ಡಿನ ಮೇಲೆ ಅವನ ಟೇಬಲ್ ಹಾಗೇ ಇತ್ತು, ಯಾರೂ ಒರೆಸಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಉತ್ತರದ ಯೂನಿವರ್ಸಿಟಿಗೆ ಒಪ್ಪಿಗೆ ಬರೆದೆ. ಕಳಿಸಿಯೂ ಬಿಟ್ಟೆ. ಎಷ್ಟೋ ವರ್ಷದ ಆಸೆ ಕೈಗೆ ಸಿಕ್ಕಿತ್ತು, ಆದರೂ ಕಣ್ಣೊರೆಸಿಕೊಳ್ಳುತ್ತಲೇ ಬರೆದಿದ್ದೆ. ಈ ಊರಿನಲ್ಲಿ ನಾನು ಇದ್ದರೂ ಒಂದೇ ಹೋದರೂ ಒಂದೇ ಅನ್ನುವುದು ಬೋರ್ಡಿನ ಮೇಲೇ ಬರೆದಿತ್ತಲ್ಲ. ಎದ್ದು ಡಸ್ಟರ್ ತಗೊಂಡು ಆ ಟೇಬಲ್ ಒರೆಸತೊಡಗಿದೆ.

ಬಾಗಿಲು ತೆರೆಯಿತು. ಅವನು. ಮೆಟ್ಟಿಲು ಹತ್ತಿ ಬಂದವನಿಗೆ ಏದುಸಿರು.

"ಕಳಿಸಿದ್ಯಾ?"

"ಕಳಿಸಿದೆ. ಉತ್ತರಕ್ಕೇ. ನಿನ್ನ ಟೇಬಲ್ ಹೇಳಿದ ಹಾಗೆ."

"ಇನ್ನು ಬದಲಾಯಿಸೋಕೆ ಆಗಲ್ಲ ತಾನೆ?"

"ಇಲ್ಲ. ಯಾಕೆ, ಖಾತ್ರಿ ಮಾಡ್ಕೊಳ್ಳೋಕೆ ಬಂದ್ಯಾ?"

"ಹೌದು," ಅಂದ. ಬಾಗಿಲು ಮುಚ್ಚಿದ. ಕನ್ನಡಕ ತೆಗೆದ. ಅಂಗಿಯ ತುದಿಯಲ್ಲಿ ಒರೆಸಿದ, ಮತ್ತೂ ಒರೆಸಿದ, ಅದರಲ್ಲಿ ಒರೆಸಲು ಏನೂ ಉಳಿಯದಷ್ಟು. ನನ್ನ ಕೈಯಲ್ಲಿದ್ದ ಡಸ್ಟರ್ ಅಲ್ಲೇ ನಿಂತಿತು.

"ಹಾಗಾದ್ರೆ ಈಗ ಹೇಳಬಹುದು. ನೀನು ಹೋಗೋದು ನನಗೆ ಸ್ವಲ್ಪವೂ ಇಷ್ಟ ಇಲ್ಲ. ನೀನಿಲ್ಲದ ಲೈಬ್ರರಿ, ಆ ಅಡುಗೆಮನೆ, ಯಾವುದನ್ನೂ ನೆನೆಸ್ಕೊಳ್ಳೋಕೆ ಆಗ್ತಿಲ್ಲ. ಕಾಫಿ ಮೆಷಿನ್ ಹತ್ರ ಆ ಉಪ್ಪಿನ ಮಾತು ಹೇಳಿದ ದಿನದಿಂದ ನನಗೆ ನೀನು ಅಂದ್ರೆ ಇಷ್ಟ."

ನನಗೆ ಮೊದಲು ಬಂದದ್ದು ಖುಷಿ ಅಲ್ಲ, ಕೋಪ.

"ಇದನ್ನ ಮೊನ್ನೆ ಹೇಳೋಕೆ ನಿನಗೇನಾಗಿತ್ತು ದೊಡ್ಡ ರೋಗ?"

"ಮೊನ್ನೆ ಹೇಳಿದ್ರೆ ನಿನ್ನ ತೀರ್ಮಾನದಲ್ಲಿ ನನ್ನ ಕೈ ಇರ್ತಿತ್ತು. ನೀನು ನೋಡಬೇಕಾದ್ದು ಗೈಡ್‌ನ, ಕೆಲಸಾನ. ನಡುವೆ ನನ್ನ ಆಸೆ ಬಂದು ಕೂತ್ರೆ ಲೆಕ್ಕ ಎಲ್ಲ ಓರೆ ಆಗ್ತಿತ್ತು. ಅದಕ್ಕೇ ನೀನು ಕಳಿಸೋವರೆಗೂ ಕಾದೆ. ಆ ಎರಡು ದಿನ ಹೇಗೆ ಕಳೆದೆ ಅಂತ ನನಗೇ ಗೊತ್ತು."

ಅರ್ಥಶಾಸ್ತ್ರ ಓದಿದವನಲ್ಲದೆ ಇನ್ಯಾರೂ ಇಂಥ ಕೆಲಸ ಮಾಡುವುದಿಲ್ಲ. ಪ್ರಯೋಗ ಕೆಡಬಾರದು ಅಂತ ಪ್ರೀತಿಯನ್ನು ಬಾಗಿಲ ಹೊರಗೆ ಕಾಯಿಸಿದ್ದ.

"ಒಂದು ಸಲ ತಪ್ಪು ಮಾಡಿದ್ದೀನಿ," ಅಂತ ಮೇಜಿನ ತುದಿಗೆ ಒರಗಿ ಹೇಳಿದ. "ನಾನಿನ್ನೂ ಹೈಸ್ಕೂಲಲ್ಲಿದ್ದೆ. ಅಕ್ಕನಿಗೆ ದೂರದ ಕಾಲೇಜಲ್ಲಿ ಸೀಟ್ ಸಿಕ್ಕಿತ್ತು. ನಾನು ಅವಳ ಪೆಟ್ಟಿಗೆ ಮೇಲೆ ಕೂತು ಅತ್ತೆ, ಊಟ ಬಿಟ್ಟೆ. ಅವಳು ಹೋಗಲಿಲ್ಲ. ಊರಲ್ಲೇ ಓದಿ, ಈಗ ಔಷಧಿ ಅಂಗಡಿ ಇಟ್ಕೊಂಡಿದ್ದಾಳೆ. ಅವಳು ಏನೇನೋ ಆಗಬಹುದಿತ್ತು. ಅವತ್ತಿಂದ ಯಾರ ದಾರಿಗೂ ಅಡ್ಡ ಕೂರಬಾರದು ಅಂತ ತೀರ್ಮಾನ ಮಾಡಿದ್ದೀನಿ."

ನನ್ನ ಕೋಪ ಅರ್ಧ ಇಳಿಯಿತು. "ನಿನಗೋಸ್ಕರವೇ ಉಳಿದಿದ್ದಾ ಅಂತ ಅಕ್ಕನ್ನ ಕೇಳಿದ್ದೀಯಾ?"

"ಅದನ್ನೇನು ಕೇಳೋದು? ಎಲ್ಲರಿಗೂ ಗೊತ್ತು."

"ಒಬ್ಬರನ್ನೂ ಕೇಳದೆ ಇಷ್ಟು ವರ್ಷ ಅದೇ ಲೆಕ್ಕ ಹಿಡ್ಕೊಂಡು ಓಡಾಡ್ತಿದ್ದೀಯ. ಫೋನ್ ಮಾಡು. ಈಗ್ಲೇ."

ಮಾಡಿದ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಅಕ್ಕ ಅಂಗಡಿಯಲ್ಲೇ ಇದ್ದಳು. ಅವನು ತಡವರಿಸುತ್ತಾ ಕೇಳಿದ.

"ಯಾವ ಸೀಟು? ಓ, ಅದಾ. ಒಂದು ನಿಮಿಷ ಇರು. ಅಜ್ಜಾ, ಇದು ಊಟಕ್ಕೆ ಮುಂಚೆ, ಇದು ಊಟ ಆದ್ಮೇಲೆ, ಅದಲು ಬದಲು ಮಾಡಬೇಡಿ. ಹಾಂ, ಏನಂದೆ? ನಿನ್ನ ಅಳುವಿಗೆ ನಾನು ಉಳಿದಿದ್ದಾ?" ಅಕ್ಕ ಜೋರಾಗಿ ನಕ್ಕಳು. "ನಿನ್ನ ಅಳು ಯಾವತ್ತು ಇರಲಿಲ್ಲ ಹೇಳು. ಆ ಕಾಲೇಜಿನ ಹಾಸ್ಟೆಲ್ ನೋಡಿ ಬಂದ ದಿನವೇ ನನಗೆ ಬೇಡ ಅನ್ನಿಸಿತ್ತು ಕಣೋ. ಭಯ ಆಯ್ತು ಅಂತ ಅಪ್ಪನಿಗೆ ಹೇಳೋಕೆ ಆಗುತ್ತಾ? ಪಾಪ, ತಮ್ಮ ಅಳ್ತಾನೆ ಅಂದೆ. ನೀನು ಪೆಟ್ಟಿಗೆ ಮೇಲೆ ಕೂತಿದ್ದು ನನಗೆ ಎಷ್ಟು ಅನುಕೂಲ ಆಯ್ತು ಗೊತ್ತಾ? ಈಗ ಯಾಕೋ ಅದೆಲ್ಲ? ಪಕ್ಕದಲ್ಲಿ ಯಾರಿದ್ದಾರೆ? ಆದರಮ್ಮನಾ?"

ಅವನು ಫೋನ್ ಇಟ್ಟ. ಬೋರ್ಡನ್ನು ನೋಡಿದ, ಕಿಟಕಿಯನ್ನು ನೋಡಿದ. ನನ್ನನ್ನು ನೋಡಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

"ನಾನೂ ಒಂದು ಹೇಳ್ಲಾ? ಬೇಜಾರು ಮಾಡ್ಕೋಬಾರದು," ಅಂದೆ. "ನೀನು ಮೊನ್ನೆಯೇ ಹೇಳಿದ್ದಿದ್ರೂ ನಾನು ಉತ್ತರಕ್ಕೇ ಹೋಗ್ತಿದ್ದೆ."

"ಹೌದಾ?" ಅವನ ಮುಖ ಒಂದು ಕ್ಷಣ ಪೆಚ್ಚಾಯಿತು.

"ಹೌದು. ಆ ಪ್ರೊಫೆಸರ್ ಹತ್ರ ಓದಬೇಕು ಅನ್ನೋದು ನಿನ್ನ ಮುಖ ನೋಡೋಕೂ ಮುಂಚಿನ ಆಸೆ. ದೊಡ್ಡ ತ್ಯಾಗ ಮಾಡ್ತಿದ್ದೀನಿ ಅಂದ್ಕೊಂಡು ನಿನ್ನ ತೂಕಾನ ನೀನೇ ಜಾಸ್ತಿ ಹಾಕ್ಕೊಂಡಿದ್ದೀಯ."

"ಮತ್ತೆ, ಹೇಳಿದ್ರೆ ಏನು ವ್ಯತ್ಯಾಸ ಆಗ್ತಿತ್ತು?"

"ಹೋಗೋ ಊರು ಬದಲಾಗ್ತಿರಲಿಲ್ಲ. ಹೋಗೋ ರೀತಿ ಬದಲಾಗ್ತಿತ್ತು. ಎರಡು ದಿನದಿಂದ ಇಲ್ಲಿ ನಾನು ಯಾರಿಗೂ ಬೇಡ ಅಂದ್ಕೊಂಡಿದ್ದೀನಿ. ನನ್ನ ಬದುಕಿನ ದೊಡ್ಡ ಸಂತೋಷದ ಪತ್ರಾನ ಅಳ್ತಾ ಬರೆದೆ." ಹೇಳುವಾಗ ನನ್ನ ಧ್ವನಿ ಒಡೆಯಿತು. ಒಡೆಯಲಿ ಅಂತ ಬಿಟ್ಟೆ.

ಅವನು ಹತ್ತಿರ ಬಂದ. ಕೈಯಲ್ಲಿದ್ದ ಡಸ್ಟರನ್ನು ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟ. ನನ್ನ ಬೆರಳಿಗೆಲ್ಲ ಮಾರ್ಕರಿನ ಕಪ್ಪು ಮೆತ್ತಿತ್ತು. ಒಂದೊಂದೇ ಬೆರಳನ್ನು ಹಿಡಿದು, ಕನ್ನಡಕ ಒರೆಸುವ ಅದೇ ಅಂಗಿಯ ತುದಿಯಲ್ಲಿ ಒರೆಸಿದ. ಆ ಕಪ್ಪು ಅಂಗಿಯಿಂದ ಹೋಗುವುದಿಲ್ಲ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

"ನಾನೂ ಅಲ್ಲಿಗೆ ಬಂದ್ಬಿಡ್ಲಾ?" ಅಂದ.

"ಸಿಕ್ಕಿರೋ ಕೆಲಸ ಬಿಟ್ಟು ಬರಬೇಡ. ನಾನು ನನ್ನದು ಬಿಟ್ಟಿಲ್ಲವಲ್ಲ. ರೈಲಿದೆ, ರಜೆ ಇದೆ, ಫೋನಿದೆ. ಕಷ್ಟ ಆಗುತ್ತೆ, ಮಾಡೋಣ."

"ಮಾಡೋಣ," ಅಂದ. ಟೇಬಲ್ ಹಾಕದೆ ಅವನು ಒಪ್ಪಿಕೊಂಡ ಮೊದಲ ವಿಷಯ ಅದು.

ನಾನು ಕಣ್ಣೊರೆಸಿಕೊಂಡು ಮುಂದಿನ ಸಾಲಿನಲ್ಲಿ, ಡಿಸ್ಕಸೆಂಟ್ ಕೂರುವ ಕುರ್ಚಿಯಲ್ಲಿ ಹೋಗಿ ಕೂತೆ. "ಈಗ ಬೋರ್ಡ್ ಹತ್ರ ಹೋಗಿ ಮೊದಲಿಂದ ಹೇಳು. ಆಗ ಏದುಸಿರಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಾನು ಸಿಟ್ಟಲ್ಲಿದ್ದೆ, ಸರಿಯಾಗಿ ಕೇಳಿಸ್ಕೊಂಡಿಲ್ಲ."

"ಇಲ್ಲಿ? ಹೀಗೇ?"

"ಪ್ರಶ್ನೆಗಳು ಕೊನೆಗೆ."

ಅವನು ನಿಂತ. ಅಭ್ಯಾಸಬಲದಿಂದ ಮಾರ್ಕರ್ ತೆಗೆದುಕೊಂಡ, ಮುಚ್ಚಳ ಬಿಚ್ಚಿದ, ಏನು ಬರೆಯಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ. ಉಪ್ಪು ಖಾರದಿಂದ ಶುರುಮಾಡಿದ. ಲೈಬ್ರರಿಯಲ್ಲಿ ಬೇಕೆಂದೇ ನನ್ನ ಎದುರಿನ ಕುರ್ಚಿ ಹುಡುಕುತ್ತಿದ್ದದ್ದನ್ನು ಹೇಳಿದ. ನಾನು ಸೌಟು ಆಡಿಸುವುದನ್ನು ನೋಡುತ್ತಾ ನಿಂತು ಹಾಲು ಉಕ್ಕುವುದನ್ನು ಬೇಗ ಹೇಳದೇ ಹೋದದ್ದನ್ನು ಹೇಳಿದ. ಬುಧವಾರ ನಾನು ಹೋದ ಮೇಲೆ ಇದೇ ಬೋರ್ಡಿನ ಕೆಳಗಿನ ಜಾಗದಲ್ಲಿ "ನಾನು" ಅಂತ ಬರೆದು ಒರೆಸಿದ್ದನ್ನು ಹೇಳಿದ. ನಡುನಡುವೆ ತೊದಲಿದ. ಕೊನೆಗೆ, "ಅಷ್ಟೇ. ನಿನ್ನನ್ನ ಪ್ರೀತಿಸ್ತೀನಿ," ಅಂದು ಪ್ರೊಫೆಸರ್ ಎದುರು ನಿಂತವನ ಹಾಗೆ ತಲೆ ತಗ್ಗಿಸಿದ.

ನಾನು ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ.

"ಈ ಪೇಪರ್ ಓದಿ ನನಗೆ ತುಂಬಾ ಸಂತೋಷವಾಯಿತು," ಅಂದೆ.

ಅವನು ಬರೆದುಕೊಳ್ಳಲು ತಯಾರಾಗಿ ಬೋರ್ಡಿನ ಕಡೆ ತಿರುಗಿದ. ಮಾರ್ಕರ್ ಎತ್ತಿದ ಕೈ ಹಾಗೇ ಇತ್ತು. ಕಾದ. ಹೊರಗೆ ಕಾರಿಡಾರಿನಲ್ಲಿ ಕಾಫಿ ಮೆಷಿನ್ ಸದ್ದುಮಾಡಿ ನಿಂತಿತು. ಇನ್ನೂ ಕಾದ.

"ಆಮೇಲೆ?" ಅಂದ, ತಿರುಗದೆಯೇ.

"ಆಮೇಲೆ ಏನೂ ಇಲ್ಲ," ಅಂದೆ. "ಅಷ್ಟೇ."

ಅವನ ಕಿವಿ ತುದಿಯಿಂದ ಕೆಂಪಾಗತೊಡಗಿತು. ಮಾರ್ಕರಿಗೆ ಮುಚ್ಚಳ ಹಾಕುವುದನ್ನು ಅವನು ಮರೆತೇಬಿಟ್ಟ.